ಬಿರುಕಿಗೆ ಅಂಟಿಸಿದ ಗಾಜು

ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಸುಣ್ಣ ಅರಳುವ ವಾಸನೆ ಮೂಗಿಗೆ ಬಡಿಯಿತು. ಹಿತ್ತಲಿಗೆ ಬಂದು ನೋಡಿದರೆ, ಮನೆಗೆ ಹೊಂದಿಕೊಂಡಿರುವ ಬಸವಕಲ್ಯಾಣದ ಕೋಟೆಯ ಹೊರಗೋಡೆಯ ಬುಡದಲ್ಲಿ ಇಲಾಖೆಯವರು ಗುಂಡಿ ತೋಡಿ ಸುಣ್ಣ ನೆನೆಹಾಕಿದ್ದರು. ಗೋಡೆ ರಿಪೇರಿಯಂತೆ. ಅಬ್ಬಾ, ಇವರಿಗೆ ಈಗ ಎಚ್ಚರವಾಯಿತು! ಕೋಟೆ ಕಾಕಾ ಇದ್ದಿದ್ದರೆ... ಅವರು ಏನನ್ನುತ್ತಿದ್ದರೋ ಗೊತ್ತಿಲ್ಲ, ನನಗಂತೂ ಹೊಟ್ಟೆ ಉರಿಯಿತು.

ಕಾಕಾ ನಮ್ಮ ಬಳಗದವರಲ್ಲ. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯು ಕೋಟೆ ಕಾಯಲು ಇಟ್ಟಿದ್ದ ಪಹರೆಯವರು. ನಿಜಾಮರ ಕಾಲದಲ್ಲೇ ನೌಕರಿ ಸೇರಿದವರು, ಓಣಿಗೆಲ್ಲ ಕಾಕಾ. ನಾನು ಅರವತ್ತರ ದಶಕದಲ್ಲಿ ಹುಮನಾಬಾದಿನಿಂದ ಸೊಸೆಯಾಗಿ ಬಂದ ಹೊಸತರಲ್ಲೇ ನನ್ನ ಮೇಲೆ ರೇಗಿದ್ದರು. ಸೀರೆ ಒಣಹಾಕಲು ಹಗ್ಗ ಕಟ್ಟಬೇಕೆಂದು ಗೋಡೆಗೆ ಮೊಳೆ ಹೊಡೆಯುತ್ತಿದ್ದೆ.

"ಯವ್ವಾ, ಅದು ಸರಕಾರದ ಗ್ವಾಡಿ ಅದ. ಮೊಳಿ ಹೊಡಿಯೋ ಹಾಂಗಿಲ್ಲ."

ಗೋಡೆಗೆ ಸಗಣಿಯ ಕುಳ್ಳು ಬಡಿಯುವಂತಿಲ್ಲ. ಎಮ್ಮೆ ಕಟ್ಟುವಂತಿಲ್ಲ. ಉದುರಿ ಬಿದ್ದ ಕಲ್ಲನ್ನು ಕೂಡ ಎತ್ತುವಂತಿಲ್ಲ. ಅವರ ಬಾಯಲ್ಲಿ 'ಇಲ್ಲ' ಬಿಟ್ಟು ಬೇರೆ ಮಾತೇ ಇರಲಿಲ್ಲ, ಮಹಾರಾಯರು! ನಮ್ಮತ್ತೆ ಅವರ ನೆರಳು ಕಂಡರೆ ಸಾಕು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಗೋಡೆ ಗಟ್ಟಿಯಾಗಿದ್ದರೆ ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಅದೋ, ಸರಿಯಾಗಿ ನಮ್ಮ ಬಚ್ಚಲ ಮೇಲೆಯೇ ಬಿರುಕು ಬಿಟ್ಟು ಹೊಟ್ಟೆ ಮುಂದೆ ಮಾಡಿ ನಿಂತಿತ್ತು. ಎರಡು ಬುಟ್ಟಿ ಗಾರೆ, ನಾಲ್ಕು ಕಲ್ಲು ಇಟ್ಟರೆ ಮುಗಿಯುವ ಕೆಲಸ. ನನ್ನ ಗಂಡ ಗಾರೆ ಕೆಲಸದ ಗೌಂಡಿಯನ್ನು ಕರೆದುಕೊಂಡೂ ಬಂದರು. ಕಾಕಾ ಅಡ್ಡ ನಿಂತರು.

"ನೀವು ಕಲ್ಲು ಇಟ್ರ ನಾನು ಕೇಸ್ ಹಾಕಬೇಕಾಗ್ತದ."

"ಹಂಗಾರ ನೀವೇ ಇಡ್ರಿ ಕಾಕಾರ!" ಎಂದರು ನನ್ನ ಗಂಡ.

"ಬ್ಯಾಡ ಅನ್ನೋ ಹುಕುಂ ಅಷ್ಟೇ ನನ್ನ ಕೈಯಾಗ ಅದ. ಮಾಡೋ ಹುಕುಂ ಇಲ್ಲ."

ಅವರ ಕೈಯಲ್ಲಿ ಇದ್ದದ್ದು ಗಾಜು. ಬಿರುಕಿನ ಎರಡೂ ದಡಕ್ಕೆ ಸೇರುವಂತೆ ಒಂದು ಗಾಜಿನ ಪಟ್ಟಿ ಅಂಟಿಸಿ, ಅದರ ಮೇಲೆ ತಾರೀಖು ಬರೆಯುತ್ತಿದ್ದರು. ಗಾಜು ಒಡೆಯಿತೆಂದರೆ ಬಿರುಕು ಬೆಳೆದಿದೆ ಎಂದು ಲೆಕ್ಕ. ಒಡೆದ ಕೂಡಲೇ ಇಲಾಖೆಯ ದಫ್ತರಕ್ಕೆ ಕಾಗದ ಹಾಕುತ್ತಿದ್ದರು. ಉತ್ತರ ಬರುತ್ತಿತ್ತು, ಬರುತ್ತಿರಲಿಲ್ಲ ಅಂತಲ್ಲ. ಹೊಸ ಗಾಜು ಅಂಟಿಸಿ ನಿಗಾ ಇಡತಕ್ಕದ್ದು ಎಂದು! ಗೋಡೆಯ ಹಳೆಯ ಕಡತ ಹೈದರಾಬಾದಿನಲ್ಲೇ ಉಳಿದಿದೆ ಎಂದು ಒಬ್ಬ ಸಾಹೇಬರು, ರಾಜ್ಯ ಒಂದಾದಾಗಲೇ ಬೆಂಗಳೂರಿಗೆ ಹೋಯಿತು ಎಂದು ಇನ್ನೊಬ್ಬರು. ಅದು ಸಿಗದೆ ಮಂಜೂರಿ ಇಲ್ಲವಂತೆ. "ನನ್ನ ಸೊಸಿ ಕೈಯಾಗಿನ ಬಳಿಗಿಂತ ಈ ಗ್ವಾಡಿ ಮೈಮ್ಯಾಗ ಗಾಜು ಹೆಚ್ಚಾತು" ಎಂದು ನಮ್ಮತ್ತೆ ಕೂಗಾಡುತ್ತಿದ್ದರು.

ಒಮ್ಮೆ ನಾನು ತವರಿಗೆ ಹೋಗಿದ್ದೆ. ಅದೇ ದಿನ ದೊಡ್ಡ ಸಾಹೇಬರು ಹುಮನಾಬಾದಿನ ಬಂಗಲೆಯಲ್ಲಿ ಇಳಿದಿದ್ದರು. ಕಾಕಾ ಒಡೆದ ಗಾಜುಗಳನ್ನೆಲ್ಲ ವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಬಂದಿದ್ದರು. ಸಾಹೇಬರನ್ನು ಕಂಡು ನಮ್ಮ ತವರಿಗೆ ಬಂದವರು ಕಟ್ಟೆಯ ಮೇಲೆ ಕುಸಿದು ಕೂತರು.

"ಏನಂದ್ರು ಕಾಕಾರ?"

"ನಿಗಾ ಭಾಳ ಛಲೋ ಇಟ್ಟೀರಿ ಅಂತ ಶಾಭಾಶ್ ಅಂದ್ರು ಯವ್ವಾ."

ಒಳಗೆ ಕರೆದು ರೊಟ್ಟಿ ಬಡಿಸಿದೆ. ಅವತ್ತು ಕಾಕಾ ಒಂದೇ ರೊಟ್ಟಿ ತಿಂದು ಎದ್ದರು.

ಆ ಮಳೆಗಾಲದಲ್ಲಿ ಒಂದು ದಿನ, ಇನ್ನೂ ಕೂಸಾಗಿದ್ದ ನನ್ನ ಮಗನಿಗೆ ಬಚ್ಚಲಲ್ಲಿ ಎರೆದು, ಒರೆಸಿ, ಅವನನ್ನು ಎತ್ತಿಕೊಂಡು ಒಳಗೆ ಕಾಲಿಟ್ಟಿದ್ದೆ. ಹಿಂದೆ ಧಡ್ ಎಂದು ಸದ್ದಾಯಿತು. ಅವನನ್ನು ಕೂಡಿಸಿದ್ದ ಮಣೆ ಎರಡು ಹೋಳಾಗಿತ್ತು. ಅದರ ಮೇಲೆ ಕೋಟೆಯ ಕಲ್ಲು. ನನ್ನ ಕಿರುಚಾಟಕ್ಕೆ ಓಣಿಯೇ ಸೇರಿತು. ಕಾಕಾನೂ ಬಂದರು. ಕಲ್ಲನ್ನು ನೋಡಿದರು, ಮಣೆಯನ್ನು ನೋಡಿದರು, ನನ್ನ ಕಂಕುಳಲ್ಲಿದ್ದ ಮಗನ ತಲೆ ಸವರಿ ಹೊರಟುಹೋದರು. ನಾನು ಬಾಯಿಗೆ ಬಂದಂತೆ ಬೈದೆ. ಈಗ ನೆನೆದರೆ... ಛೇ.

ಮರುದಿನವೇ ಕಾಕಾ ಸುಣ್ಣ ತಂದು ನೆನೆಹಾಕಿದರು. ಅವರಪ್ಪ ಗೌಂಡಿಯಾಗಿದ್ದನೆಂದು ನಮಗೆ ಗೊತ್ತಾದದ್ದೇ ಆಗ. ನಮ್ಮತ್ತೆ ಬೆಲ್ಲ ಕೊಟ್ಟರು, ಗಾರೆಗೆ ಬೆಲ್ಲದ ನೀರು ಬೇಕಂತೆ. ನನ್ನ ಗಂಡ ಕಲ್ಲು ಹೊತ್ತರು, ಪಕ್ಕದ ಎರಡು ಮನೆಯವರು ಮರಳು ಜರಡಿ ಹಿಡಿದರು. ವಾರದೊಳಗೆ ಗೋಡೆ ನೆಟ್ಟಗಾಯಿತು. ಕೈ ತೊಳೆಯುತ್ತಾ ಕಾಕಾ ಒಂದೇ ಮಾತು ಹೇಳಿದರು.

"ಯಾರೂ ಬಾಯಿ ಬಿಡಬ್ಯಾಡ್ರಿ. ನಿಮ್ಮ ಹೆಸರು ಬಂತಂದ್ರ ಗ್ವಾಡಿಗಿ ಹತ್ತಿದ ಮನಿ ಎಲ್ಲಾ ಕೆಡವತಾರ."

ಅಷ್ಟು ವರ್ಷ ಕಾಗದ ಹಾಕಿದರೂ ಬಾರದ ಸಾಹೇಬರು ಈ ಸುದ್ದಿಗೆ ಓಡೋಡಿ ಬಂದರು. ರಕ್ಷಿತ ಸ್ಮಾರಕಕ್ಕೆ ಕೈ ಹಚ್ಚಿದವರು ಯಾರು ಎಂದು ಅಬ್ಬರಿಸಿದರು. ಕಾಕಾ ಮುಂದೆ ಬಂದು "ನಾನ್ರಿ, ಒಬ್ಬನೇ" ಎಂದರು. ಅಂಥ ಕಲ್ಲುಗಳನ್ನು ಒಬ್ಬ ಮುದುಕ ಹೇಗೆ ಎತ್ತಿದ ಎಂದು ಸಾಹೇಬರು ಕೇಳಲೂ ಇಲ್ಲ. ನಾವು ಮೂರು ಮನೆಯವರು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದೆವು. ಕಟ್ಟಿದ್ದನ್ನು ಕೆಡವಲು ಮಂಜೂರಿ ಬರಲಿಲ್ಲ, ಕಾಕಾನ ನೌಕರಿ ಮಾತ್ರ ಹೋಯಿತು.

ಅವರು ರಾಜೇಶ್ವರಕ್ಕೆ, ಮಗಳ ಮನೆಗೆ ಹೋದರು. ಒಮ್ಮೆ ಅಲ್ಲಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ತೀರ ಸೊರಗಿದ್ದರು. ನನ್ನನ್ನು ನೋಡಿದವರೇ ಕೇಳಿದರು.

"ಗ್ವಾಡಿ ಮತ್ತ ಬಿರಿತೇನು?"

"ಇಲ್ರಿ ಕಾಕಾರ. ಕೂದಲೆಳಿಯಷ್ಟೂ ಇಲ್ಲ."

ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ತಪ್ಪಾಯಿತು ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ಬಸ್ಸು ಬಂತು. ಆಮೇಲೆ ಅವರು ತೀರಿಕೊಂಡ ಸುದ್ದಿಯೂ ನನಗೆ ತಡವಾಗಿ ತಿಳಿಯಿತು...

ಇವತ್ತು ಮಧ್ಯಾಹ್ನ ಇಲಾಖೆಯ ಹೊಸ ಎಂಜಿನಿಯರು ಹಿತ್ತಲಿಗೆ ಬಂದರು. ಮೈಸೂರು ಕಡೆಯ ಹುಡುಗ. ಗೋಡೆಯನ್ನು ಉದ್ದಕ್ಕೂ ತಟ್ಟಿ ನೋಡುತ್ತಾ ಬಂದು ನಮ್ಮ ಬಚ್ಚಲ ಹತ್ತಿರ ನಿಂತುಬಿಟ್ಟರು. ಮಳೆಗೆ ಕಪ್ಪಾದ ಕಾಕಾನ ಗಾರೆಯನ್ನು ಉಗುರಿನಿಂದ ಕೆರೆದರು.

"ಇದು ಅಸಲಿ ಹಳೇ ಕೆಲಸ, ಇದನ್ನ ಮುಟ್ಟಬೇಡಿ" ಎಂದು ಆಳುಗಳಿಗೆ ಹೇಳಿದರು. "ಆಮೇಲೆ ಯಾರಾದ್ರೂ ಸೇರಿಸಿದ್ದು ಸಿಕ್ಕಿದ್ರೆ ಎಲ್ಲ ಕಿತ್ತುಹಾಕಿ." ಮತ್ತೆ ನನ್ನ ಕಡೆ ತಿರುಗಿದರು. "ಎಂಥಾ ಕೈ ನೋಡಿ ಅಮ್ಮಾ! ಯಾರು ಕಟ್ಟಿದ್ದೋ, ಹಿರಿಯರು ಏನಾದ್ರೂ ಹೇಳ್ತಿದ್ರಾ?"

ಕಾಕಾನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿಲ್ರಿ" ಎಂದೆ.