ನಾನು ಅಳಿಸಿದ ನಕ್ಷತ್ರಗಳು

ನಾಸಿಕದಿಂದ ಸಂಭಾಜಿನಗರಕ್ಕೆ ಹೊರಟ ಬಸ್ಸಿನಲ್ಲಿ ಧಾರವಾಡದ ಮೇಡಂ ಒಬ್ಬರು ನನ್ನ ಪಕ್ಕ ಕೂತರು. "ಎಷ್ಟು ಕಲ್ತೀಯೋ?" ಎಂದರು. "ಹತ್ತನೇ ಪಾಸ್ ರೀ" ಅಂದೆ. ಎಂಟನೆಯದರಲ್ಲೇ ಶಾಲೆಗೆ ಕೈಮುಗಿದವನು ನಾನು!

ಲಾಸಲಗಾಂವ್ ಕ್ರಾಸಿನಲ್ಲಿ ಈರುಳ್ಳಿ ಟ್ರ್ಯಾಕ್ಟರುಗಳ ನಡುವೆ ಬಸ್ಸು ಸಿಕ್ಕಿಕೊಂಡಿತು. ಮೇಡಂ ನೀರು ತರಲು ಇಳಿದರು. ಸೀಟಿನ ಮೇಲೆ ಅವರು ಪೆನ್ಸಿಲಿನಲ್ಲಿ ಬರೆದ ಹಾಳೆ, ಜೊತೆಗೊಂದು ರಬ್ಬರು. ಅನೇಕ ಪದಗಳ ಮುಂದೆ ಪುಟ್ಟ ನಕ್ಷತ್ರ. ನನ್ನ ಕೈ ಸುಮ್ಮನಿರಬೇಕಲ್ಲ, ಒಂದೂ ಬಿಡದೆ ಅಳಿಸಿದೆ.

ವಾಪಸ್ ಬಂದ ಮೇಡಂ ಬೈಯಲಿಲ್ಲ, ಹಾಳೆ ಎತ್ತಿ ಬೆಳಕಿಗೆ ಹಿಡಿದರು. "ಮಧ್ಯಾಹ್ನ ಇದನ್ನ ಪ್ರೊಫೆಸರರ ಮುಂದ ಇಡಬೇಕೋ! ಫೆರೋ, ಫೆರೆಸ್, ಫೆರೆತ್ ಅಂದ್ರ ನಾ ಹೊರ್ತೀನಿ, ನೀ ಹೊರ್ತಿ, ಅವ ಹೊರ್ತಾನ. ಲ್ಯಾಟಿನ್ನಿನ ತಾಯಿ ಭಾಷಾದಾಗಿನ ಮಾತು. ಇವನ್ನ ಯಾರೂ ಬರೆದಿಟ್ಟಿಲ್ಲ. ಲ್ಯಾಟಿನ್ನಿನ ಫೆರ್ತ್, ಸಂಸ್ಕೃತದ ಭರತಿ ಹಿಡಕೊಂಡು ಹಿಂಗಿತ್ತಂತ ಊಹೆ ಮಾಡೀವಿ. ಊಹೆ ಅಂತ ಹೇಳಲಿಕ್ಕ ಆ ನಕ್ಷತ್ರ. ಅದಿಲ್ಲಂದ್ರ ನಾ ಸುಳ್ಳಿ ಆಗ್ತೀನಿ."

"ಪೆನ್ಸಿಲ್ ಕೊಡ್ರಿ. ಊರು ಬರೋದ್ರಾಗ ಎಲ್ಲಾ ಹಾಕಿ ಕೊಡ್ತೀನಿ."

ಬಸ್ಸು ಕುಲುಕಿದಾಗಲೆಲ್ಲ ನನ್ನ ನಕ್ಷತ್ರ ಏಡಿಯಾಗುತ್ತಿತ್ತು. ಹಟ ಬಿಡದೆ ಅಳಿಸಿ ಮತ್ತೆ ಬರೆದೆ. ಒಂದೊಂದು ಪದಕ್ಕೂ ಕೇಳಿದೆ: "ಇದು ಬರೆದಿದ್ದು ಸಿಕ್ಕೈತೇನ್ರಿ?" ಇಲ್ಲ ಅಂದರೆ ನಕ್ಷತ್ರ. ಕೊನೆಯದನ್ನು ಬಿಡಿಸುವಷ್ಟರಲ್ಲಿ ಬಸ್ ಸ್ಟ್ಯಾಂಡ್ ಬಂತು.

ಮೇಡಂ ಹಾಳೆಯ ಕೆಳಗೆ "ನೆರವು: ಹತ್ತನೇ ಪಾಸಾದ ಹುಡುಗ" ಎಂದು ಬರೆದರು. ನನ್ನ ಮುಖ ನೋಡಿದರು. ಆಮೇಲೆ "ಹತ್ತನೇ" ಮುಂದೆ ತಾವೇ ಒಂದು ನಕ್ಷತ್ರ ಇಟ್ಟರು. ರಬ್ಬರು ಇನ್ನೂ ನನ್ನ ಕೈಯಲ್ಲೇ ಇತ್ತು, ಆ ನಕ್ಷತ್ರ ಅಳಿಸದೆ ವಾಪಸ್ ಕೊಟ್ಟೆ.