ಅವ್ವನಿಗೆ ಓದಿ ಹೇಳಿದ ಪತ್ರ

ಆಗೆಲ್ಲ ಬೈಲಹೊಂಗಲದ ನಮ್ಮ ಓಣಿಗೆ ಅಂಚೆಯವನು ಬಂದನೆಂದರೆ ಅರ್ಧ ಓಣಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಪತ್ರ ಒಂದು ಮನೆಯದು, ಕುತೂಹಲ ಹತ್ತು ಮನೆಯದು. ಮನೆಯ ಹಿರಿಯರಿಗೆ ಪತ್ರ ಓದಿ ಹೇಳುತ್ತಾ ಬೆಳೆದವರು ನಿಮ್ಮಲ್ಲೂ ಇದ್ದರೆ, ಆ ವಯಸ್ಸಿಗೆ ಅದೆಂಥ ದೊಡ್ಡಸ್ತಿಕೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಎಪ್ಪತ್ತರ ದಶಕದ ಆ ವರ್ಷ ನಾನು ಹತ್ತನೆಯ ಇಯತ್ತೆಯಲ್ಲಿದ್ದೆ. ಅಪ್ಪ ಚಕ್ಕಡಿ ಹೂಡಿ ಪೇಟೆಗೆ ಹತ್ತಿ ತುಂಬಿದ ಅಂಡಿಗೆ ಸಾಗಿಸುತ್ತಿದ್ದ. ಎತ್ತಿನ ಭಾಷೆ ಬಲ್ಲವನಿಗೆ ಅಕ್ಷರದ ಭಾಷೆ ಬರುತ್ತಿರಲಿಲ್ಲ. ಅವ್ವನದೂ ಅದೇ ಕಥೆ. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಹೀಗಾಗಿ ಮನೆಯಲ್ಲಿ ಓದಲು ಬರುತ್ತಿದ್ದವಳು ನಾನೊಬ್ಬಳೇ.

ಅವ್ವನಿಗೂ ನನಗೂ ಎಣ್ಣೆ ಸೀಗೆಕಾಯಿ. ನಾನು ಪುಸ್ತಕ ಹಿಡಿದು ಕೂತರೆ ಅವಳಿಗೆ ಹಿಟ್ಟು ನಾದುವುದು ನೆನಪಾಗುತ್ತಿತ್ತು, ಕೊಡ ಖಾಲಿಯಿರುವುದು ಕಾಣುತ್ತಿತ್ತು. ತಲೆ ಬಾಚುವಾಗ ಸಿಕ್ಕು ಬಿಡಿಸುತ್ತಿದ್ದಳೋ ಸಿಟ್ಟು ತೀರಿಸುತ್ತಿದ್ದಳೋ, ಕಣ್ಣಲ್ಲಿ ನೀರು ಬರುವಂತೆ ಎಳೆಯುತ್ತಿದ್ದಳು. ನಾನೇನು ಕಡಿಮೆ ಇರಲಿಲ್ಲ. ಬಸ್ಸಿನ ಬೋರ್ಡು ಓದಲು ಬಾರದ ಇವಳು ನನಗೇನು ಹೇಳುವುದು ಎಂಬ ಸೊಕ್ಕು ನೆತ್ತಿಗೇರಿತ್ತು. ಒಂದು ಮಾತಿಗೆ ಎರಡು ಮಾತು ಕೊಡುತ್ತಿದ್ದೆ, ಬೆನ್ನಿಗೆ ಎರಡು ಗುದ್ದು ಇಸಿದುಕೊಳ್ಳುತ್ತಿದ್ದೆ.

ಆದರೆ ತವರಿನಿಂದ ಪತ್ರ ಬಂದ ದಿನ ಅವ್ವ ಬೇರೆಯೇ ಹೆಂಗಸಾಗುತ್ತಿದ್ದಳು. ರೊಟ್ಟಿ ತಟ್ಟುತ್ತಿದ್ದರೆ ಕೈ ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ಎದುರಿಗೆ ತನ್ನ ತಮ್ಮನೇ ಬಂದು ಕೂತಂತೆ ನನ್ನ ಮುಂದೆ ಕೂರುತ್ತಿದ್ದಳು. ನಾನು ಓದುವಷ್ಟು ಹೊತ್ತು ನನ್ನ ಬಾಯನ್ನೇ ನೋಡುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ನನಗೆ ಬೈದದ್ದು ನೆನಪಿಲ್ಲ.

ಅವಳ ತವರು ರಾಮದುರ್ಗದ ಆಚೆ, ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಸವದತ್ತಿಯಲ್ಲಿ ಬಸ್ಸು ಬದಲಿಸಿ, ರಾಮದುರ್ಗದಲ್ಲಿ ಇಳಿದು, ಮತ್ತೆ ನಡೆಯಬೇಕು. ಅಲ್ಲಿ ಆಯಿ, ಅಂದರೆ ಅವ್ವನ ಅವ್ವ, ಮತ್ತು ಅವ್ವನ ತಮ್ಮ ಈರಪ್ಪಮಾವ ಇದ್ದರು. ಮಾವ ನನಗಿಂತ ಹನ್ನೊಂದು ವರ್ಷ ದೊಡ್ಡವನು. ಬಂದಾಗಲೆಲ್ಲ ಬೆಂಡು ಬತ್ತಾಸು ತರುತ್ತಿದ್ದ ಬಡಪಾಯಿ. ನಮ್ಮ ಕಡೆ ಅವ್ವನ ತಮ್ಮನಿಗೆ ಹೆಣ್ಣು ಕೊಡುವುದು ರೂಢಿ. ಅವನು ಬಾಗಿಲಲ್ಲಿ ಕಂಡರೆ ಸಾಕು, ಓಣಿಯ ಹೆಂಗಸರು "ನಿನ್ನ ಗಂಡ ಬಂದ ನೋಡ ಗಿರ್ಜಿ" ಎಂದು ಕಾಡುತ್ತಿದ್ದರು. ಸಣ್ಣವಳಿದ್ದಾಗ ನಾನೂ ನಗುತ್ತಿದ್ದೆ. ಹದಿನೈದಕ್ಕೆ ಬಂದ ಮೇಲೆ ಆ ಮಾತು ಕೇಳಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ನನ್ನ ಜೊತೆ ಕಲಿಯುತ್ತಿದ್ದ ಇಬ್ಬರು ಹಿಂದಿನ ಬೇಸಿಗೆಯಲ್ಲಿ ಹೀಗೇ ಲಗ್ನವಾಗಿ ಹೋದವರು ಮತ್ತೆ ಶಾಲೆಗೆ ಬಂದಿರಲಿಲ್ಲ.

ಆಷಾಢದ ಕೊನೆ. ಮಣ್ಣಿನ ಗುಳ್ಳವ್ವನ ಪೂಜೆ ಮುಗಿದು ಓಣಿಯಲ್ಲಿ ನಾಗರಪಂಚಮಿಯ ವಾಸನೆ ಎದ್ದಿತ್ತು. ಒಂದು ಮನೆಯಲ್ಲಿ ಜೋಳದ ಅಳ್ಳು ಹುರಿಯುತ್ತಿದ್ದರು, ಇನ್ನೊಂದರಲ್ಲಿ ಶೇಂಗಾ. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ ಅದು, ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಅವ್ವ ಆಗಲೇ ಎರಡು ಸೀರೆ ಮಡಿಚಿ ಇಟ್ಟಿದ್ದಳು. ಅಷ್ಟರಲ್ಲಿ ಮಾವನ ಬದಲು ಅವನ ಪತ್ರ ಬಂತು. ಅವ್ವ ಸೆರಗು ಹೊದ್ದು ಕೂತಳು. ನಾನು ಓದುವ ಮೊದಲು ಒಮ್ಮೆ ಕಣ್ಣಾಡಿಸಿದೆ.

ಆಯಿ ಹಾಸಿಗೆ ಹಿಡಿದು ಹದಿನೈದು ದಿನವಾಗಿತ್ತು. ಅವಳನ್ನು ಬಿಟ್ಟು ಕರೆಯಲು ಬರಲಾಗುವುದಿಲ್ಲ, ಈ ಪತ್ರವನ್ನೇ ಕರೆಯೆಂದು ತಿಳಿದು ಗಿರಿಜಾಳನ್ನು ಕರೆದುಕೊಂಡು ಬೇಗ ಬಾ ಎಂದು ಮಾವ ಬರೆದಿದ್ದ. ಕಣ್ಣು ಮುಚ್ಚುವುದರೊಳಗೆ ಮಾವನ ಮೇಲೂ ನನ್ನ ಮೇಲೂ ಲಗ್ನದ ಅಕ್ಕಿಕಾಳು ಬಿದ್ದದ್ದು ನೋಡಬೇಕೆಂದು ಆಯಿ ಹಟ ಹಿಡಿದಿದ್ದಾಳೆ, ಶ್ರಾವಣದಲ್ಲೇ ಮುಗಿಸೋಣ ಎಂದಿದ್ದ.

ನನಗೆ ಕಂಡದ್ದು ಅಕ್ಕಿಕಾಳು ಒಂದೇ. ಆಯಿ ಕಾಣಲಿಲ್ಲ. ಗಂಟಲು ಸರಿಮಾಡಿಕೊಂಡು ಓದಿದೆ. ಎಲ್ಲರೂ ಕ್ಷೇಮ, ಮಳೆ ಚೆನ್ನಾಗಿದೆ, ಹೊಲದ ಕೆಲಸ ಬಹಳ, ಈ ಸಲ ಪಂಚಮಿಗೆ ಕರೆಯಲು ಬರಲಾಗುವುದಿಲ್ಲ, ಸಿಟ್ಟಾಗಬೇಡ. ಒಂದು ಕಡೆಯೂ ತಡವರಿಸಲಿಲ್ಲ. ಶಾಲೆಯಲ್ಲಿ ಪಾಠ ಓದುವಾಗಲೂ ನಾನು ಅಷ್ಟು ಚೆನ್ನಾಗಿ ಓದಿದವಳಲ್ಲ.

ಅವ್ವ ಪತ್ರದ ಕಡೆ ಬಗ್ಗಿ ನೋಡಿದಳು.

"ಅವ್ವನ ಸುದ್ದಿ ಏನೂ ಬರದಿಲ್ಲೇನು?"

"ಆರಾಮ ಅದಾಳಂತ."

ಮುದುಕಿ ಪ್ರತಿ ಮಳೆಗಾಲ ಮಲಗುತ್ತಾಳೆ, ಮತ್ತೆ ಏಳುತ್ತಾಳೆ. ಶ್ರಾವಣವೊಂದು ದಾಟಿದರೆ ಲಗ್ನದ ಮಾತು ಹಿಂದೆ ಬೀಳುತ್ತದೆ, ಅಷ್ಟರಲ್ಲಿ ಪರೀಕ್ಷೆ ಬರುತ್ತದೆ. ಇದು ನನ್ನ ಆಲೋಚನೆ. ಕರೆಯದೆ ಅವ್ವ ತವರಿಗೆ ಹೋಗುವವಳಲ್ಲ ಎಂಬುದೂ ನನಗೆ ಚೆನ್ನಾಗಿ ಗೊತ್ತಿತ್ತು. ಪತ್ರವನ್ನು ಭೂಮಿತಿಯ ಪುಸ್ತಕದಲ್ಲಿ ಇಟ್ಟೆ.

ಆ ಪಂಚಮಿಗೆ ನಮ್ಮ ಮನೆಯಲ್ಲಿ ಉಂಡಿ ಕಟ್ಟಿದ್ದು ಹೌದು, ನಾಗಪ್ಪನಿಗೆ ಹಾಲೆರೆದದ್ದೂ ಹೌದು. ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರನೆ ತಿರುಗಿಸುತ್ತಿದ್ದರು. ಬೇವಿನ ಮರಕ್ಕೆ ಜೋಕಾಲಿ ಬಿದ್ದಿತ್ತು, ನಾನು ಏರಿ ಜೀಕಿದೆ ಕೂಡ. ಅವ್ವ ಮಾತ್ರ ಹೊಸ್ತಿಲು ದಾಟಲಿಲ್ಲ. ಪಕ್ಕದ ಮನೆಯ ನಿಂಗಮ್ಮಕಾಕು, ತಮ್ಮನಿಗೆ ಕೆಲಸವಿದ್ದರೆ ನೀನೇ ಹೋಗಿ ಬಾ, ಹೆತ್ತವ್ವನ ಮನೆಗೆ ಹೋಗಲು ನಾಚಿಕೆ ಏನು ಎಂದಳು. ಅವ್ವ ಉಂಡಿ ಕಟ್ಟುತ್ತಲೇ, "ಕರೀದ ಹ್ವಾದ್ರ ತವರಿನ ನಾಯಿನೂ ಬೊಗಳತೈತಿ" ಅಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಹೊಗೆಯನ್ನು ಬೈದಳು. ಆಗಲಾದರೂ ಹೇಳಬಹುದಿತ್ತು. ನನ್ನ ಬಾಯಲ್ಲಿ ಉಂಡಿ ಇತ್ತು.

ಹಬ್ಬವಾದ ನಾಲ್ಕನೆಯ ದಿನ ಅವ್ವನ ತವರಿನಿಂದ ಒಬ್ಬರು ಬಂದರು, ಕೂರಲೂ ಇಲ್ಲ, ನೀರೂ ಕುಡಿಯಲಿಲ್ಲ. ಅದರಲ್ಲೇ ಅವ್ವನಿಗೆ ತಿಳಿಯಿತು. ಅವ್ವ ಅಪ್ಪ ಇದ್ದ ಬಟ್ಟೆಯಲ್ಲೇ ಬಸ್ಸು ಹತ್ತಿದರು, ನನ್ನನ್ನು ನಿಂಗಮ್ಮಕಾಕುವಿನ ಮನೆಯಲ್ಲಿ ಬಿಟ್ಟರು. ದಾರಿಯಲ್ಲಿ ಹಳ್ಳ ತುಂಬಿ ಬಂದು ಬಸ್ಸು ನಿಂತುಬಿಟ್ಟಿತಂತೆ. ಅವರು ಮುಟ್ಟುವ ಹೊತ್ತಿಗೆ ಆಯಿಯನ್ನು ಮಣ್ಣು ಮಾಡಿ ಬಂದು ಜನ ಕೈಕಾಲು ತೊಳೆಯುತ್ತಿದ್ದರಂತೆ. ಕೊನೆಯ ಎರಡು ದಿನ ಬಾಗಿಲಲ್ಲಿ ಯಾರ ಹೆಜ್ಜೆ ಕೇಳಿದರೂ ಆಯಿ, ಗಂಗಿ ಬಂದ್ಲೇನು, ಗಂಗಿ ಬಂದ್ಲೇನು ಎಂದು ಅವ್ವನ ಹೆಸರನ್ನೇ ಕೇಳಿದ್ದಳು. ಇದೆಲ್ಲ ಆಮೇಲೆ ಅಪ್ಪ ಹೇಳಿದ್ದು. ಪತ್ರ ಮುಟ್ಟಲಿಲ್ಲವೇ ಅಕ್ಕಾ ಎಂದು ಮಾವ ಕೇಳಿದಾಗ ಅವ್ವ, ಮುಟ್ಟಿತ್ತು ಎಂದಷ್ಟೇ ಹೇಳಿದಳಂತೆ. ಅಷ್ಟು ಜನರ ನಡುವೆ ನನ್ನ ಹೆಸರು ಎತ್ತಲಿಲ್ಲ.

ಐದು ದಿನ ಕಳೆದು ಒಂದು ಮಧ್ಯಾಹ್ನ ಅವ್ವ ತಿರುಗಿ ಬಂದಳು. ನಾನು ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದೆ. ಪತ್ರ ತಗೊಂಡು ಬಾ ಎಂದಳು. ತಂದೆ. ತಲೆಯ ಮೇಲೆ ಸೆರಗು ಹೊದ್ದು, ಯಾವಾಗಲೂ ಕೂರುವಂತೆ ನನ್ನ ಎದುರು ಕೂತಳು.

"ಇದ್ದದ್ದ ಇದ್ದಂಗ ಓದು."

ಓದಿದೆ. ಅರ್ಧಕ್ಕೆ ಬಂದಾಗ ಧ್ವನಿ ಒಡೆಯಿತು, ಅವ್ವ ಕಾದಳು. ಮುಗಿದ ಮೇಲೆ ಇನ್ನೊಮ್ಮೆ ಎಂದಳು. ಮತ್ತೆ ಓದಿದೆ. ಅಳುತ್ತಾ, ಲಗ್ನ ಮಾಡ್ತಾರಂತ ಹೆದರಿದೆ, ನನ್ನ ಹೊಡಿ ಅವ್ವ ಎಂದು ಅವಳ ಕಾಲು ಹಿಡಿದೆ.

"ನಿನ್ನ ಲಗ್ನ ಮಾಡ್ತಿದ್ನೋ ಬಿಡ್ತಿದ್ನೋ, ಅದು ನನ್ನ ನಿನ್ನ ಮಾತು. ನಮ್ಮವ್ವನ ಬಾಯಾಗ ನೀರ ಬಿಡೂದು ನನ್ನ ಪಾಲಿಂದಿತ್ತು ಗಿರಿಜಾ. ಅದನ್ಯಾಕ ತಗೊಂಡಿ?"

ಗಿರ್ಜಿ ಅನ್ನಲಿಲ್ಲ, ಗಿರಿಜಾ ಅಂದಳು, ಹೊರಗಿನವರನ್ನು ಕರೆಯುವಂತೆ. ಹೊಡೆಯಲೂ ಇಲ್ಲ. ಅಂದಿನಿಂದ ಅವಳು ನನ್ನ ಮೇಲೆ ಕೈ ಎತ್ತಲಿಲ್ಲ, ತಲೆ ಬಾಚಲು ಕರೆಯಲಿಲ್ಲ. ಪುಸ್ತಕ ಹಿಡಿದರೆ ಗೊಣಗಲಿಲ್ಲ, ಕೊಡ ತಾನೇ ತುಂಬಿಕೊಂಡು ಬಂದಳು. ನಾನು ಬೇಡಿಕೊಂಡಿದ್ದೆಲ್ಲ ಒಮ್ಮೆಲೇ ಸಿಕ್ಕಿತು. ಕೂದಲು ಎಳೆದು ನೋಯಿಸುವ ಆ ಕೈಗಾಗಿ ನಾನೆಷ್ಟು ಅತ್ತಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ತವರಿನ ಪತ್ರ ಬಂದರೆ ಅವ್ವ ನಾಲ್ಕು ಮನೆ ಆಚೆಯ ಸಿಂಪಿಗರ ಸೊಸೆಯ ಹತ್ತಿರ ಹೋಗುತ್ತಿದ್ದಳು. ನಾನು ಮನೆಯೊಳಗೇ ಇರುತ್ತಿದ್ದೆ, ಪುಸ್ತಕ ಬಿಚ್ಚಿಕೊಂಡು.

ಮರುವರ್ಷ ಮಾವ ತಾನೇ ಬಂದು ಲಗ್ನದ ಮಾತೆತ್ತಿದ. ಅವ್ವ, ಆಕಿ ಓದಾಕಿ, ಬ್ಯಾರೆ ಹೆಣ್ಣು ನೋಡಪಾ ಎಂದುಬಿಟ್ಟಳು. ನನ್ನ ಓದಿಗಾಗಿ ಹಾಗೆಂದಳೋ, ಇಂಥವಳು ತನ್ನ ತವರಿನ ಹೊಸ್ತಿಲು ತುಳಿಯಬಾರದೆಂದು ಹಾಗೆಂದಳೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ನಾನು ಓದಿದೆ, ಸವದತ್ತಿ ಕಡೆಯ ಶಾಲೆಗಳಲ್ಲಿ ಮಾಸ್ತರಬಾಯಿಯಾದೆ, ಎಷ್ಟೋ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದೆ. ಅವ್ವ ಮುಪ್ಪಿನಲ್ಲಿ ನನ್ನ ಜೊತೆಗೇ ಇದ್ದಳು. ನಾನು ಮಾಡಿದ್ದು ಉಂಡಳು, ನನ್ನ ಮಕ್ಕಳನ್ನು ಆಡಿಸಿದಳು, ಯಾರ ಮುಂದೆಯೂ ನನ್ನನ್ನು ಆಡಿಕೊಳ್ಳಲಿಲ್ಲ.

ಈಗ ಪತ್ರ ಬರೆಯುವವರಿಲ್ಲ, ಕಾದು ಕೂರುವವರಿಲ್ಲ, ಕರೆ ಬರಲಿಲ್ಲವೆಂದು ತವರಿನ ಮೇಲೆ ಮುನಿಯುವವರೂ ಇಲ್ಲ. ಅದಕ್ಕೆ ನನಗೆ ಅಂಥ ದುಃಖವಿಲ್ಲ. ನನ್ನ ಬಾಯಿಂದ ಬಂದದ್ದೆಲ್ಲ ಖರೆ ಎಂದು ನಂಬಿ ಎದುರಿಗೆ ಕೂರುತ್ತಿದ್ದ ಒಬ್ಬಳಿದ್ದಳು. ಅವಳನ್ನು ನಾನು ಹದಿನೈದನೆಯ ವಯಸ್ಸಿಗೇ ಕಳೆದುಕೊಂಡೆ.

ಅವ್ವ ಕೊನೆಯ ಸಲ ದವಾಖಾನೆಯಲ್ಲಿದ್ದಾಗ ನರ್ಸಬಾಯಿ ಔಷಧದ ವೇಳೆ ಬರೆದ ಚೀಟಿಯೊಂದನ್ನು ಅವಳ ಕೈಗೆ ಕೊಟ್ಟು ಹೋದಳು. ಚಾಳೀಸು ಮೂಗಿಗೇರಿಸಿಕೊಂಡು ನಾನು ಕೈ ಚಾಚಿದೆ. ಅವ್ವ ನನ್ನ ಕೈ ದಾಟಿಸಿ, ಪಕ್ಕದ ಮಂಚದ ಹತ್ತಿರ ಕೂತಿದ್ದ ಗುರುತಿಲ್ಲದ ಹುಡುಗಿಯ ಕಡೆ ಆ ಚೀಟಿ ಹಿಡಿದಳು.

"ತಂಗಿ, ಏನ ಬರದಾರ, ಒಂಚೂರು ಓದಿ ಹೇಳವಾ."