ಬಳ್ಳಿ ಸವರುವ ಪಾಠ

ಅಕ್ಕ ಫೋನು ಮಾಡಿದ ದಿನವೇ ನಿಜ ಹೇಳಬೇಕಿತ್ತು. ನಾನು ಬರೀ "ಊಂ" ಅಂದೆ.

ಅವಳು ತಮಿಳುನಾಡಿನ ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಪ್ರಬಂಧ ಬರೆಯುವುದನ್ನು ಕಲಿಸುತ್ತಾಳೆ. ಏನೇ ಓದಿದರೂ ಕನ್ನಡಕ ತಲೆಗೇರಿಸಿ, ಸಾಲಿನ ಕೆಳಗೆ ಉಗುರೆಳೆದು, "ಇದನ್ನ ಯಾರು ಹೇಳಿದ್ದು?" ಎಂದು ಕೇಳುತ್ತಾಳೆ. ಮದುವೆ ಪತ್ರಿಕೆ ಕೊಟ್ಟರೂ ಅಷ್ಟೆ.

ವಿದ್ಯಾರ್ಥಿಗಳು ಎಐ ಬರೆದುಕೊಟ್ಟದ್ದನ್ನೇ ತರುತ್ತಾರೆಂದು ಈ ಸಲ ಎಂಟು ಜನರನ್ನು ನಮ್ಮ ದ್ರಾಕ್ಷಿ ತೋಟಕ್ಕೆ ಕರೆತಂದಳು. "ನನ್ನ ತಂಬಿಯನ್ನ ಕೇಳಿ ಬರೀರಿ" ಎಂದು ತಮ್ಮನಾದ ನನ್ನನ್ನು ತೋರಿಸಿ, ತಾನಿದ್ದರೆ ಅವರು ಬಾಯಿ ಬಿಡುವುದಿಲ್ಲವೆಂದು ಮನೆಯೊಳಗೆ ಹೋದಳು.

ನಾನು ಓದಿದ್ದು ಐದನೇ ಕ್ಲಾಸು. ಕಾಲೇಜಿನವರ ಮುಂದೆ ತೊದಲಿದರೆ ಅಕ್ಕನ ಮಾನ ಹೋದೀತೆಂದು, ಫೋನಿನಲ್ಲಿ ಎಐಯನ್ನೇ ಕೇಳಿ ಉತ್ತರ ಬಾಯಿಪಾಠ ಮಾಡಿದ್ದೆ. "ಬಳ್ಳಿಯನ್ನು ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ ಸವರಬೇಕು" ಎಂದು ಒಪ್ಪಿಸಿದೆ. ನಮ್ಮ ಕಂಬಂ ಕಣಿವೆಯಲ್ಲಿ ಒಂದೊಂದು ಕೊಯ್ಲಾದ ಮೇಲೂ ಕತ್ತರಿ ಹಿಡಿದು ಬಳ್ಳಿ ಸವರುತ್ತೇವೆ. ಕೈಗೆ ಗೊತ್ತಿದ್ದದ್ದು ಬಾಯಿಗೆ ಯಾಕೆ ಬರಲಿಲ್ಲವೋ, ಇನ್ನೂ ತಿಳಿಯದು.

ವಾರದ ಮೇಲೆ ಅಕ್ಕನ ಫೋನು ಬಂತು. "ನಿನ್ನ ಹೆಸರು ಹಾಕ್ಕೊಂಡು ಎಐನಲ್ಲಿ ಬರೆಸವ್ರೆ ತಂಬಿ. ವರ್ಷಕ್ಕೊಮ್ಮೆ ಸವರೋದು ಅಂತ ನೀನು ಹೇಳ್ತೀಯಾ? ಎಂಟು ಜನಕ್ಕೂ ಸೊನ್ನೆ ಹಾಕಿದೀನಿ."

ಅವರು ಮನುಷ್ಯನನ್ನೇ ಕೇಳಿ ಬರೆದಿದ್ದರು. ಹಾಗಂತ ಅಕ್ಕ ಹಿಡಿದದ್ದೂ ಸುಳ್ಳಲ್ಲ, ಮಾತು ಎಐನದೇ. ಯೋಚಿಸಿದಷ್ಟೂ ತಲೆ ಕೆಟ್ಟಿತು.

ನಾಲ್ಕನೇ ದಿನ ಬಸ್ಸು ಹತ್ತಿ ಅವಳ ಕ್ಲಾಸಿಗೇ ಹೋದೆ. "ಏನ್ ತಂಬಿ, ಇಲ್ಲಿ?" ಎಂದಳು. ಎಂಟು ಜನರೂ ನೋಡುತ್ತಿದ್ದರು.

"ಈ ಮಕ್ಕಳು ನಾನು ಹೇಳಿದ್ದನ್ನೇ ಬರೆದವ್ರೆ ಅಕ್ಕಾ. ನಾನೇ ಫೋನು ನೋಡಿ ಕಲಿತು ಹೇಳ್ದೆ. ನಾನು ಹಂಗೆ ಹೇಳೋನಲ್ಲ ಅಂತ ನಂಬಿ ನೀನು ಇವರಿಗೆ ಸೊನ್ನೆ ಹಾಕ್ದೆ. ನಂದೇ ತಪ್ಪು, ಮನ್ನಿಸಿಬಿಡು. ನೀವೂ ಮನ್ನಿಸಿ, ಮಕ್ಕಳಾ."